ಲಡಾಯಿ ಕಾಲದಲ್ಲಿ ಕಡಲಿಗೆ ಹೋಗಿ ಮರಳದ ಹಿರಿಯರ ದೋಣಿ: ಮಲೆನಾಡಿನ ಮನೆಯಿಂದ ದಾಖಲೆ ಹುಡುಕುವ ಕ್ರಮ

ಸಾಗರ, ಹೊಸನಗರ, ತೀರ್ಥಹಳ್ಳಿಯ ಸುತ್ತಮುತ್ತ ಘಟ್ಟದ ಕೆಳಗಿನಿಂದ ಬಂದು ನೆಲೆನಿಂತ ಎಷ್ಟೋ ಮನೆಗಳಲ್ಲಿ ಕಡಲಿನ ನೆನಪು ಒಂದೇ ಒಂದು ಮಾತಾಗಿ ಉಳಿದಿದೆ. ನಮ್ಮ ಮನೆಯಲ್ಲಿ ಆ ಮಾತು ಹೀಗಿತ್ತು: “ದೊಡ್ಡಜ್ಜನ ದೋಣಿಯನ್ನು ಲಡಾಯಿ ಹೊತ್ತಿನಲ್ಲಿ ಸಬ್‌ಮೆರಿನ್ ಮುಳುಗಿಸಿತು.” ದೊಡ್ಡಜ್ಜ ಎಂದರೆ ನಮ್ಮ ಅಜ್ಜಿಯ ಅಪ್ಪ. ಅಜ್ಜಿ ತನ್ನ ತಾಯಿಯೊಡನೆ ಹೊನ್ನಾವರದಿಂದ ಶರಾವತಿಯ ಮೇಲೆ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಬಂದು, ಅಲ್ಲಿಂದ ಘಟ್ಟ ಹತ್ತಿ ಸಾಗರ ಸೀಮೆ ಸೇರಿದ್ದು ಅದಾದ ಮೇಲೆ. ಆ ಒಂದು ಮಾತಿನ ಹಿಂದೆ ಏನಿದೆ ಎಂದು ತಿಳಿಯಲು ನಾನು ಕೆಲವು ವರ್ಷ ಓಡಾಡಿದ್ದೇನೆ. ಆ ಓಡಾಟದಲ್ಲಿ ಕಲಿತ ಕ್ರಮವನ್ನು, ಇದೇ ಹುಡುಕಾಟಕ್ಕೆ ಇಳಿಯುವವರಿಗೆ ಉಪಯೋಗವಾಗಲೆಂದು, ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಬೇಕಾದ ಮಾತೊಂದಿದೆ. ಮೀನುಗಾರರ ಸಣ್ಣ ದೋಣಿಯನ್ನು ನೇರವಾಗಿ ಯುದ್ಧದ ಕಡತಗಳಲ್ಲಿ ಹುಡುಕಲು ಹೊರಟವರು ಬಹುಮಟ್ಟಿಗೆ ಬರಿಗೈಯಲ್ಲಿ ಮರಳುತ್ತಾರೆ. ದೋಣಿ ನೀರುಪಾಲಾದರೂ ಅದರ ಮೇಲಿನ ಸಾಲ, ಅದರ ನಂಬರು, ಅದರ ಯಜಮಾನನ ಹೆಸರಿನಲ್ಲಿದ್ದ ಜಮೀನು, ಅವನಿಗಾಗಿ ಮನೆಯವರು ಹಿಡಿದ ತಿಥಿ ಇವೆಲ್ಲ ದಡದಲ್ಲೇ ಉಳಿದಿರುತ್ತವೆ. ಆದ್ದರಿಂದ ಹುಡುಕಾಟ ದಡದಿಂದ ಆರಂಭವಾಗಿ, ಕಡಲಿಗೆ ಕೊನೆಯಲ್ಲಿ ಹೋಗಬೇಕು.

ಮನೆಯ ಹಿರಿಯರಿಂದ ಕಾಲವನ್ನು ಹಿಡಿಯುವುದು

ಹಿರಿಯರನ್ನು “ಅದು ಯಾವ ಇಸವಿ?” ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಬಂದರೂ ಅದನ್ನು ನಂಬುವಂತಿರುವುದಿಲ್ಲ. ಅವರ ಬದುಕಿನಲ್ಲಿ ಗಟ್ಟಿಯಾಗಿ ನಿಂತಿರುವ ಘಟನೆಗಳನ್ನು ಮುಂದಿಟ್ಟು, ಅದಕ್ಕೆ ಮುಂಚೆಯೋ ಅನಂತರವೋ ಎಂದು ಕೇಳಬೇಕು. ನಮ್ಮ ಸೀಮೆಯಲ್ಲಿ ಇಂಥ ಗೂಟಗಳು ಹಲವಿವೆ. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1940ರ ಆಗಸ್ಟ್ 3ರಂದು. ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ತಮ್ಮೂರು ಸ್ವತಂತ್ರವೆಂದು ಸಾರಿದ್ದು 1942ರ ಸೆಪ್ಟೆಂಬರಿನಲ್ಲಿ. ಅಲ್ಲಿಯ ಐವರನ್ನು ಗಲ್ಲಿಗೇರಿಸಿದ್ದು 1943ರ ಮಾರ್ಚ್‌ನಲ್ಲಿ. ಜೋಗದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದದ್ದು 1948ರಲ್ಲಿ. “ಈಸೂರಿನ ಗಲಾಟೆ ಆದಾಗ ನೀವು ಘಟ್ಟದ ಮೇಲೆ ಬಂದಾಗಿತ್ತೇ ಅಜ್ಜಿ?” ಎಂದು ಕೇಳಿದಾಗ ನಮ್ಮ ಅಜ್ಜಿ ಕ್ಷಣವೂ ತಡೆಯದೆ, “ಇಲ್ಲ ಮಗಾ, ಆಗ ನಾವಿನ್ನೂ ಕೆಳಗೇ ಇದ್ದೆವು, ಅಪ್ಪ ಇದ್ದರು” ಎಂದರು. ಇಸವಿ ಕೇಳಿದ್ದಾಗ ಅವರು ಮೂರು ಬಾರಿ ಮೂರು ಉತ್ತರ ಕೊಟ್ಟಿದ್ದರು.

ಇಸವಿ ಮರೆತ ಮನೆಗಳಲ್ಲೂ ಸಂವತ್ಸರದ ಹೆಸರು ಉಳಿದಿರುವುದುಂಟು. ಯುದ್ಧದ ವರ್ಷಗಳನ್ನು ಯುಗಾದಿಯಿಂದ ಯುಗಾದಿಗೆ ಎಣಿಸಿದರೆ 1939-40 ಪ್ರಮಾಥಿ, 1940-41 ವಿಕ್ರಮ, 1941-42 ವೃಷ, 1942-43 ಚಿತ್ರಭಾನು, 1943-44 ಸ್ವಭಾನು, 1944-45 ತಾರಣ, 1945-46 ಪಾರ್ಥಿವ ಎಂದಾಗುತ್ತದೆ. ಮೊದಲ ಮಹಾಯುದ್ಧದ ಮಾತಾದರೆ 1914-15 ಆನಂದ, 1917-18 ಪಿಂಗಳ. ಜಾತಕ, ಮದುವೆಯ ಲಗ್ನಪತ್ರಿಕೆ, ಲೆಕ್ಕದ ಪುಸ್ತಕದ ಮೊದಲ ಹಾಳೆ ಇವುಗಳಲ್ಲಿ ಸಂವತ್ಸರದ ಹೆಸರಿದ್ದರೆ ಗುರುತು ಹಾಕಿಕೊಳ್ಳಿ.

ತಿಥಿಯ ವಿಚಾರವನ್ನು ವಿಶೇಷವಾಗಿ ಕೇಳಿ. ಕಡಲಿಗೆ ಹೋದವರ ಶ್ರಾದ್ಧವನ್ನು ಮನೆಯವರು ಯಾವ ದಿನ ಮಾಡುತ್ತಾರೆ ಎಂಬುದು ಒಂದು ದಾಖಲೆಯೇ ಸರಿ. ಮಾಸ, ಪಕ್ಷ, ತಿಥಿ ನಿರ್ದಿಷ್ಟವಾಗಿದ್ದರೆ ದೋಣಿ ಹೋದ ದಿನವನ್ನು ಯಾರೋ ಬದುಕಿ ಬಂದು ಹೇಳಿರಬಹುದು, ಅಥವಾ ದೋಣಿ ದಡ ಬಿಟ್ಟ ದಿನವನ್ನೇ ಹಿಡಿದಿರಬಹುದು. ಮಹಾಲಯ ಅಮಾವಾಸ್ಯೆಯಂದು ಮಾತ್ರ ಮಾಡುತ್ತಿದ್ದರೆ ದಿನ ತಿಳಿದಿರಲಿಲ್ಲವೆಂದೇ ಹೆಚ್ಚಿನ ಪಕ್ಷ ಅರ್ಥ. ಕಾಣೆಯಾದವನಿಗಾಗಿ ಹನ್ನೆರಡು ವರ್ಷ ಕಾದು, ಪ್ರತಿಕೃತಿ ಮಾಡಿ ಸಂಸ್ಕಾರ ನಡೆಸುವ ಪದ್ಧತಿಯೂ ಇತ್ತು. ಆ ಕ್ರಿಯೆಯ ವರ್ಷ ಗೊತ್ತಾದರೆ ಅದರಿಂದ ಹಿಂದಕ್ಕೆ ಎಣಿಸಬಹುದು. ಕ್ರೈಸ್ತ ಮನೆಯವರು ಇಗರ್ಜಿಯ ದಫ್ತರಗಳನ್ನು, ಮುಸಲ್ಮಾನ ಮನೆಯವರು ಜಮಾತಿನ ಪುಸ್ತಕಗಳನ್ನು ಇದೇ ಉದ್ದೇಶಕ್ಕೆ ನೋಡಬಹುದು.

ಅಟ್ಟದ ಮೇಲಿನ ಕಾಗದ

ಮಲೆನಾಡಿನ ಮಳೆಗಾಲದಲ್ಲಿ ಹಳೆಯ ಪೆಟ್ಟಿಗೆ ತೆರೆಯಬೇಡಿ. ಥಂಡಿ ಹಿಡಿದ ಕಾಗದ ಮಡಿಕೆಯ ಗೆರೆಯಲ್ಲೇ ತುಂಡಾಗುತ್ತದೆ. ಬೇಸಿಗೆಯಲ್ಲಿ, ನೆರಳಿನಲ್ಲಿ, ಒಣ ಬಟ್ಟೆಯ ಮೇಲೆ ಹರಡಿ, ಒಂದು ದಿನ ಹಾಗೆಯೇ ಬಿಟ್ಟು ಆಮೇಲೆ ಬಿಡಿಸಿ. ಹಗಲು ಬೆಳಕಿನಲ್ಲಿ ಎರಡೂ ಬದಿಯ ಫೋಟೊ ತೆಗೆಯಿರಿ, ಲ್ಯಾಮಿನೇಷನ್ ಮಾಡಿಸಲೇಬೇಡಿ.

ನಮಗೆ ಸಿಕ್ಕಿದ್ದು ನಾಲ್ಕು ಮಡಿಕೆಯ ಒಂದು ಛಾಪಾ ಕಾಗದ (ಸ್ಟ್ಯಾಂಪ್ ಪೇಪರ್). ಒಂದಂಚನ್ನು ಗೆದ್ದಲು ತಿಂದಿತ್ತು, ನಡುವೆ ಎಣ್ಣೆಯ ಕಲೆಯಿತ್ತು. ಮೇಲೆ ಆರನೆಯ ಜಾರ್ಜ್ ದೊರೆಯ ಮುಖಮುದ್ರೆ ಇದ್ದುದರಿಂದ ಅದು 1936ರ ಕೊನೆಗಿಂತ ಹಿಂದಿನದಲ್ಲವೆಂದು ಓದುವ ಮೊದಲೇ ತಿಳಿಯಿತು. ಮುಂಭಾಗದ ಬರಹ ಶಾನುಭೋಗರ ಮೋಡಿ. ಒಂದಕ್ಕೊಂದು ಹೆಣೆದ ಆ ಅಕ್ಷರಗಳಲ್ಲಿ “ದೋಣಿ” ಎಂಬ ಎರಡಕ್ಷರವನ್ನು ಬಿಟ್ಟು ನನಗೆ ಏನೂ ಓದಲು ಬರಲಿಲ್ಲ. ಆದರೆ ಕಾಗದವನ್ನು ತಿರುಗಿಸಿದಾಗ ಹಿಂಬದಿಯಲ್ಲಿ ಛಾಪಾ ಮಾರಿದವನ ಷರಾ ಸ್ಪಷ್ಟವಾಗಿತ್ತು: ಕೊಂಡವರ ಹೆಸರು, ಅವರ ತಂದೆಯ ಹೆಸರು, ಊರು, ತಾರೀಕು. ನೋಂದಣಿಯಾದ ಪತ್ರವಾಗಿದ್ದರೆ ಅಲ್ಲೇ ಪುಸ್ತಕ, ಸಂಪುಟ, ಪುಟ, ನಂಬರುಗಳೂ ಇರುತ್ತವೆ. ಆದ್ದರಿಂದ ಛಾಪಾ ಕಾಗದ ಸಿಕ್ಕಿದಾಗ ಹಿಂಬದಿಯನ್ನು ಮೊದಲು ಓದಿ. ಮೋಡಿ ಓದಬಲ್ಲವರು ಈಗ ವಿರಳವಾಗಿದ್ದಾರೆ. ಹಳೆಯ ಶಾನುಭೋಗರ ಮನೆತನಗಳಲ್ಲಿ, ಕೆಳದಿಯ ವಸ್ತುಸಂಗ್ರಹಾಲಯದಲ್ಲಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವಿಚಾರಿಸಿದರೆ ಓದಬಲ್ಲವರ ಪರಿಚಯವಾಗಬಹುದು.

ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮನೆ ಕಳೆದುಕೊಂಡ ಕುಟುಂಬಗಳಿಗೆ ಇಂಥ ಪೆಟ್ಟಿಗೆಯೇ ಉಳಿದಿರಲಿಕ್ಕಿಲ್ಲ. ಅಂಥವರು ಮುಳುಗಡೆಯ ಭೂಸ್ವಾಧೀನ ಮತ್ತು ಪುನರ್ವಸತಿ ಕಡತಗಳಿಂದ ಆರಂಭಿಸಬೇಕು. ಪರಿಹಾರ ಪಡೆದವರ ತಂದೆ, ಅಜ್ಜಂದಿರ ಹೆಸರುಗಳು ಅವುಗಳಲ್ಲಿ ಸಿಗುವ ಸಂಭವವಿದೆ.

ಅದು ಯಾವ ಬಗೆಯ ದೋಣಿ?

ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಬಾರದು. ಒಬ್ಬನೋ ಇಬ್ಬರೋ ಹೋಗುವ ಪಾತಿ ದೋಣಿ ದಡದ ಹತ್ತಿರವೇ ಇರುತ್ತದೆ. ರಂಪಣಿ ದೋಣಿಯ ಕೆಲಸವೂ ದಡಕ್ಕೆ ಬಲೆ ಎಳೆಯುವ ಕೆಲಸವೇ. ನಮ್ಮ ಕರಾವಳಿಯಲ್ಲಿ ಸಮುದ್ರ ಬಹು ದೂರದವರೆಗೆ ಆಳವಿಲ್ಲದ್ದು. ಜಲಾಂತರ್ಗಾಮಿಗಳು ಕಾಯುತ್ತಿದ್ದುದು ದೊಡ್ಡ ಹಡಗುಗಳ ದಾರಿಯಲ್ಲಿ, ತೆರೆದ ಕಡಲಿನಲ್ಲಿ. ಹಾಗಾಗಿ ಹಿರಿಯರು ಹೋದದ್ದು ರಂಪಣಿಗೆ ಎಂಬುದು ಖಚಿತವಾದರೆ ಶತ್ರುವಿನ ಕೈವಾಡದ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ.

ಆದರೆ ಮೀನುಗಾರ ಮನೆತನದವರು ಮೀನಿಗೆ ಮಾತ್ರ ಹೋಗುತ್ತಿದ್ದರೆಂದು ತಿಳಿಯಬೇಡಿ. ಮಚವೆ, ಪತ್ತೆಮಾರಿಗಳಲ್ಲಿ ಹೆಂಚು, ಅಕ್ಕಿ, ಉಪ್ಪು, ಒಣಮೀನು ತುಂಬಿಕೊಂಡು ಮುಂಬಯಿಯವರೆಗೂ ಮಲಬಾರಿನವರೆಗೂ ಹೋಗುವ ಹಾಯಿ ವ್ಯಾಪಾರವಿತ್ತು, ಅದರ ತಂಡೇಲರೂ (ನೌಕೆ ನಡೆಸುವ ಮುಖ್ಯಸ್ಥರು) ಖಲಾಸಿಗಳೂ ಇದೇ ಮನೆಗಳವರು. ಮೂರು ತಲೆಮಾರು ಕಳೆದ ಮೇಲೆ ಮನೆಯ ಮಾತಿನಲ್ಲಿ ಪತ್ತೆಮಾರಿಯೂ “ದೋಣಿ”ಯೇ ಆಗಿಬಿಡುತ್ತದೆ. ಎಷ್ಟು ಜನ ಇದ್ದರು, ಎಷ್ಟು ದಿನಕ್ಕೆ ಬುತ್ತಿ ಕಟ್ಟುತ್ತಿದ್ದರು, ಹಿಂದಿರುಗುವಾಗ ಮನೆಗೆ ಏನು ತರುತ್ತಿದ್ದರು ಎಂದು ಕೇಳಿ. ಮುಂಬಯಿಯ ಸೀರೆಯ ನೆನಪಿದ್ದರೆ ಅದು ಮೀನಿನ ದೋಣಿಯಲ್ಲ. ನಮ್ಮ ದೊಡ್ಡಜ್ಜನ ವಿಷಯದಲ್ಲಿ ಹುಡುಕಾಟದ ದಿಕ್ಕನ್ನೇ ಬದಲಿಸಿದ್ದು ಅಜ್ಜಿಗೆ ನೆನಪಿದ್ದ ಒಂದು ಹಿತ್ತಾಳೆಯ ಬೀಗ; ಅದನ್ನು ಅಪ್ಪ “ಬೊಂಬಾಯಿಂದ” ತಂದಿದ್ದರಂತೆ.

ಋತುವನ್ನೂ ಹೊಂದಿಸಿ ನೋಡಿ. ಮುಂಗಾರಿನ ತಿಂಗಳುಗಳಲ್ಲಿ ಹಾಯಿದೋಣಿಗಳು ದಡದ ಮೇಲೆ ಮಡಲಿನ ಚಪ್ಪರದಡಿ ಇರುತ್ತಿದ್ದವು. ನೂಲ ಹುಣ್ಣಿಮೆಯಂದು ಸಮುದ್ರಪೂಜೆಯಾದ ಮೇಲೆಯೇ ಮತ್ತೆ ಕಡಲಿಗಿಳಿಯುವುದು. ಕಥೆಯಲ್ಲಿ ಆಷಾಢದ ದಿನ ಬಂದರೆ ಆ ಕಥೆಯನ್ನು ಮತ್ತೊಮ್ಮೆ ಕೇಳಬೇಕು.

ಊರು ಆಗ ಯಾರ ಆಡಳಿತದಲ್ಲಿತ್ತು?

1956ರ ನವೆಂಬರ್ 1ಕ್ಕೆ ಮುಂಚೆ ಶಿವಮೊಗ್ಗ ಮೈಸೂರು ಸಂಸ್ಥಾನದ, ಅನಂತರ ಮೈಸೂರು ರಾಜ್ಯದ ಜಿಲ್ಲೆ. ಘಟ್ಟ ಇಳಿದರೆ ಭಟ್ಕಳ, ಹೊನ್ನಾವರ, ಕುಮಟಾ, ಕಾರವಾರ ಮುಂಬಯಿ ಪ್ರಾಂತ್ಯಕ್ಕೂ, ಗಂಗೊಳ್ಳಿ, ಕುಂದಾಪುರ, ಮಲ್ಪೆ, ಮಂಗಳೂರು ಮದರಾಸು ಪ್ರಾಂತ್ಯಕ್ಕೂ ಸೇರಿದ್ದವು. ಹೀಗಾಗಿ ಹೊನ್ನಾವರದ ದೋಣಿಯ ಸರ್ಕಾರಿ ಪತ್ರವ್ಯವಹಾರವನ್ನು ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿಯೂ, ಗಂಗೊಳ್ಳಿಯ ದೋಣಿಯದನ್ನು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿಯೂ, ಘಟ್ಟದ ಮೇಲಕ್ಕೆ ಬಂದ ಕುಟುಂಬದ ವಿಷಯವನ್ನು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿಯೂ ಹುಡುಕಬೇಕಾಗುತ್ತದೆ. ಒಂದೇ ಮನೆಯ ಕಥೆ ಮೂರು ನಗರಗಳಲ್ಲಿ ಹಂಚಿಹೋಗಿರುವುದನ್ನು ಅರಿಯದೆ ಎಷ್ಟೋ ಜನ ಬೆಂಗಳೂರಿನಲ್ಲೇ ಹುಡುಕಿ ಕೈಬಿಟ್ಟಿದ್ದಾರೆ. ದಕ್ಷಿಣ ಕನ್ನಡದ ಹಳೆಯ ಕಂದಾಯ ಕಾಗದಗಳಲ್ಲಿ ಫಸಲಿ ವರ್ಷ (ಕಂದಾಯ ಲೆಕ್ಕದ ವರ್ಷ) ಇದ್ದರೆ ಅದಕ್ಕೆ 590 ಕೂಡಿಸಿ. ಫಸಲಿ 1352 ಎಂದರೆ 1942ರ ಜುಲೈಯಿಂದ 1943ರ ಜೂನ್‌ವರೆಗೆ.

ದಡದಲ್ಲಿ ಉಳಿದ ದಾಖಲೆಗಳು

ದೋಣಿ ಕಟ್ಟಿಸಲು, ಬಲೆ ಕೊಳ್ಳಲು ಸಾಲ ಬೇಕು. ಸಾಲಕ್ಕೆ ಪತ್ರ ಬೇಕು. ಉಪನೋಂದಣಾಧಿಕಾರಿ ಕಚೇರಿಗೆ ಹೋದಾಗ ನಮಗೆ ಮೊದಲು ಹೇಳಿದ್ದು ಇ.ಸಿ.ಗೆ (ಋಣಭಾರ ಪ್ರಮಾಣಪತ್ರಕ್ಕೆ) ಅರ್ಜಿ ಹಾಕಿ ಎಂದು. ಎರಡು ಬಾರಿ ಹಾಕಿದೆವು, ಎರಡು ಬಾರಿಯೂ ಏನೂ ಸಿಗಲಿಲ್ಲ. ಮೂರನೆಯ ಸಲ, ಕಚೇರಿಯ ಹೊರಗೆ ಕೂರುತ್ತಿದ್ದ ವಯಸ್ಸಾದ ಪತ್ರ ಬರಹಗಾರರೊಬ್ಬರು ಕಾರಣ ತಿಳಿಸಿಕೊಟ್ಟರು. ಇ.ಸಿ.ಯಲ್ಲಿ ಬರುವುದು ಸ್ಥಿರಾಸ್ತಿಯ ವ್ಯವಹಾರ, ದೋಣಿ ಚರಾಸ್ತಿ. 1908ರ ನೋಂದಣಿ ಕಾಯ್ದೆಯಂತೆ ಸ್ಥಿರಾಸ್ತಿಯ ಪತ್ರಗಳು 1ನೆಯ ಪುಸ್ತಕದಲ್ಲಿ, ಮರಣಶಾಸನಗಳು 3ನೆಯ ಪುಸ್ತಕದಲ್ಲಿ, ಚರಾಸ್ತಿಗೆ ಸಂಬಂಧಿಸಿದ ಪತ್ರಗಳು 4ನೆಯ ಪುಸ್ತಕದಲ್ಲಿ ಇರುತ್ತವೆ. ಆದ್ದರಿಂದ ಅರ್ಜಿಯಲ್ಲಿ 4ನೆಯ ಪುಸ್ತಕವನ್ನೂ ಅದರ ಹೆಸರಿನ ಸೂಚಿಯನ್ನೂ ನೋಡಬೇಕೆಂದು ಸ್ಪಷ್ಟವಾಗಿ ಬರೆಯಿರಿ. ಈ ಪುಸ್ತಕವನ್ನು ಯಾರು ಬೇಕಾದರೂ ನೋಡುವಂತಿಲ್ಲ. ಹುಡುಕುವವರು ಅಧಿಕಾರಿಯೇ, ನಕಲು ಸಿಗುವುದು ಪತ್ರ ಬರೆದುಕೊಟ್ಟವರಿಗೆ, ಅದರಡಿ ಹಕ್ಕುಳ್ಳವರಿಗೆ, ಅವರ ಪ್ರತಿನಿಧಿಗಳಿಗೆ. ಆದಕಾರಣ ನಾಡಕಚೇರಿಯಿಂದ ವಂಶವೃಕ್ಷ ಪಡೆದು, ಅದನ್ನು ಕೈಯಲ್ಲಿಟ್ಟುಕೊಂಡೇ ಹೋಗಿ. ದೋಣಿಯ ಜೊತೆಗೆ ತೋಟವನ್ನೋ ಹಿತ್ತಲನ್ನೋ ಅಡವಿಟ್ಟಿದ್ದರೆ ಆ ಪತ್ರ 1ನೆಯ ಪುಸ್ತಕದಲ್ಲೇ ಸಿಗುತ್ತದೆ.

ಜಮೀನಿನ ಖಾತೆ ಬದಲಾವಣೆಯನ್ನು ಹುಡುಕುವಾಗ ದೋಣಿ ಹೋದ ವರ್ಷದಲ್ಲೇ ನಿಲ್ಲಬೇಡಿ. ಶವ ಸಿಗದವನ ಸಾವನ್ನು ದಾಖಲಿಸುವುದು ಸುಲಭವಿರಲಿಲ್ಲ. ಆಗ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಕಾಯ್ದೆಯ 108ನೆಯ ಕಲಮಿನ ಪ್ರಕಾರ, ಏಳು ವರ್ಷ ಸುದ್ದಿಯಿಲ್ಲದವನು ಬದುಕಿದ್ದಾನೆಂದು ಹೇಳುವವರೇ ಅದನ್ನು ಸಾಬೀತುಪಡಿಸಬೇಕಿತ್ತು. ಹೆಂಡತಿ ಮಕ್ಕಳು ಖಾತೆ ಮಾಡಿಸಿಕೊಳ್ಳಲು ಹೋದದ್ದು ಆ ಏಳು ವರ್ಷ ಕಳೆದ ಮೇಲೆ ಇರಬಹುದು. 1943ರಲ್ಲಿ ಹೋದ ದೋಣಿಯ ಸುಳಿವನ್ನು 1950, 1951ರ ಹಕ್ಕು ಬದಲಾವಣೆ ಪುಸ್ತಕದಲ್ಲಿ ಹುಡುಕಬೇಕೆನ್ನುವುದು ಇದಕ್ಕೇ. ನಮ್ಮ ಮನೆಯ ವಿಷಯದಲ್ಲಿ, ಮರಣದ ರಿಜಿಸ್ಟರಿನಲ್ಲಿ ಎಲ್ಲೂ ಇಲ್ಲದ ದೊಡ್ಡಜ್ಜನ ಹೆಸರು ಅಂಥದೊಂದು ಪುಸ್ತಕದಲ್ಲಿ “ಪರಾಗಂದಾ” (ಪತ್ತೆಯಿಲ್ಲದವನು) ಎಂಬ ಷರಾದೊಂದಿಗೆ ಸಿಕ್ಕಿತು. ಏಳು ವರ್ಷ ಆ ಮನೆಯವರು ಅವರನ್ನು ಸತ್ತವರೆಂದು ಹೇಳಲೂ ಆಗದೆ ಇದ್ದವರೆಂದು ನಂಬಲೂ ಆಗದೆ ಕಳೆದರೆಂಬುದು ಆ ಒಂದು ಪದದಿಂದ ನನಗೆ ಅರ್ಥವಾಯಿತು.

ಉತ್ತರ ಕನ್ನಡದ ದೋಣಿಗಳಿಗೆ ಇನ್ನೊಂದು ದಾರಿಯಿದೆ. ಮುಂಬಯಿ ಪ್ರಾಂತ್ಯಕ್ಕೆ ಅನ್ವಯಿಸುತ್ತಿದ್ದ 1838ರ ಕರಾವಳಿ ನೌಕೆಗಳ ಕಾಯ್ದೆಯಂತೆ ಮೀನುಗಾರಿಕೆಯ ದೋಣಿಗಳನ್ನೂ ಸೇರಿಸಿ ಕರಾವಳಿಯ ನೌಕೆಗಳು ನೋಂದಣಿಯಾಗಿ, ಮೈಮೇಲೆ ನಂಬರು ಮತ್ತು ಊರಿನ ಹೆಸರು ಬರೆಸಿಕೊಳ್ಳಬೇಕಿತ್ತು. ಸಾಲಪತ್ರದಲ್ಲಿ ದೋಣಿಯ ಪಕ್ಕ ಅಂಕಿಯೊಂದು ಇದ್ದರೆ ಅದನ್ನು ಕಡೆಗಣಿಸಬೇಡಿ, ಅದು ಈ ನಂಬರು ಆಗಿರಬಹುದು. ದಕ್ಷಿಣ ಕನ್ನಡದವರು ಸರ್ಕಾರದ ಮೀನು ಉಪ್ಪು ಹಾಕುವ ಯಾರ್ಡುಗಳ ಕಾಗದಗಳನ್ನು ನೋಡಬೇಕು. ಕಡಿಮೆ ದರದ ಉಪ್ಪನ್ನು ಅಲ್ಲಿ ಲೆಕ್ಕವಿಟ್ಟೇ ಕೊಡುತ್ತಿದ್ದರು.

ಈಗ ಕಡಲಿನ ಕಡೆಗೆ

ದಡದ ದಾಖಲೆಗಳಿಂದ ಒಂದು ವರ್ಷ, ಸಾಧ್ಯವಾದರೆ ಒಂದು ತಿಂಗಳು ಹಿಡಿದ ಮೇಲೆ ಯುದ್ಧದ ಘಟನೆಗಳೊಂದಿಗೆ ಹೋಲಿಸಬಹುದು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಎಂಡೆನ್ ಯುದ್ಧನೌಕೆ 1914ರ ಅಕ್ಟೋಬರಿನಲ್ಲಿ ಮಿನಿಕಾಯ್ ದ್ವೀಪದ ಸುತ್ತಮುತ್ತ ಹಡಗುಗಳನ್ನು ಹಿಡಿದು ಮುಳುಗಿಸಿತು. 1917ರ ಫೆಬ್ರುವರಿಯಲ್ಲಿ ವೋಲ್ಫ್ ಎಂಬ ನೌಕೆ ಕೊಲಂಬೊ ಮತ್ತು ಮುಂಬಯಿಯ ಎದುರಿಗೆ ಸಿಡಿಗುಂಡುಗಳನ್ನು ಹಾಸಿತು; ಮಂಗೋಲಿಯ ಹಡಗು ಆ ವರ್ಷದ ಜೂನ್ 23ರಂದು ಮುಂಬಯಿಯ ಹತ್ತಿರ ಅಂಥದಕ್ಕೇ ತಗುಲಿ ಮುಳುಗಿತು. ಎರಡನೆಯ ಯುದ್ಧದಲ್ಲಿ 1942ರ ಏಪ್ರಿಲ್ ಮೊದಲ ವಾರ ಜಪಾನಿನ ಐ-6 ಜಲಾಂತರ್ಗಾಮಿ ಅರಬ್ಬೀ ಸಮುದ್ರದಲ್ಲಿ ಕ್ಲಾನ್ ರಾಸ್, ಬಹಾದುರ್ ಹಡಗುಗಳನ್ನು ಮುಳುಗಿಸಿತು. ಮುಂಬಯಿಯಿಂದ ಆಫ್ರಿಕಕ್ಕೆ ಹೊರಟಿದ್ದ ತಿಲಾವಾ ಹಡಗು ಐ-29 ಜಲಾಂತರ್ಗಾಮಿಯ ಏಟಿಗೆ ಸಿಕ್ಕಿ ಮುಳುಗಿದ್ದು ಅದೇ ವರ್ಷದ ನವೆಂಬರ್ 23ರಂದು. ನಮ್ಮ ಕರಾವಳಿಗೆ ತೀರ ಹತ್ತಿರವಾದ ಘಟನೆಯೆಂದರೆ 1943ರ ಮಾರ್ಚ್ 9ರ ರಾತ್ರಿ ಗೋವೆಯ ಮರ್ಮಗೋವಾದಲ್ಲಿ ಜರ್ಮನಿಯ ಎಹ್ರೆನ್‌ಫೆಲ್ಸ್ ಹಡಗಿನ ಮೇಲೆ ನಡೆದ ದಾಳಿ. ಕಾರವಾರದ ಕಡೆಯ ಹಿರಿಯರು ಹೇಳುವ “ಹಡಗು ಉರಿದ ರಾತ್ರಿ” ಅದೇ ಇರಬಹುದು.

ಹಾಯಿದೋಣಿಗಳ ವಿಷಯಕ್ಕೆ ಮುಖ್ಯವಾದದ್ದು 1943ರ ಅಕ್ಟೋಬರ್. ಜರ್ಮನಿಯ ಯು-168 ಜಲಾಂತರ್ಗಾಮಿ ಆ ತಿಂಗಳ 2ರಂದು ಹೈಚಿಂಗ್ ಹಡಗನ್ನು ಮುಳುಗಿಸಿ, ಅನಂತರ ಆರು ಹಾಯಿನೌಕೆಗಳನ್ನು ನಾಶಮಾಡಿತು. ಟಾರ್ಪಿಡೊ ದುಬಾರಿಯಾದ್ದರಿಂದ ಮರದ ನೌಕೆಗಳಿಗೆ ನೀರಿನ ಮೇಲೆ ಎದ್ದುಬಂದು ಗುಂಡು ಹಾರಿಸುತ್ತಿದ್ದರು. ಜಲಾಂತರ್ಗಾಮಿಗಳ ದಿನಚರಿಗಳಲ್ಲಿ ದಿನಾಂಕ, ಸ್ಥಳ ಇರುತ್ತವೆ. ಆದರೆ ಇಂಥ ನೌಕೆಗಳ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಜರ್ಮನಿಯ ದಿನಚರಿಗಳು ಬಹುಮಟ್ಟಿಗೆ ಉಳಿದಿವೆ. ಜಪಾನಿನ ನೌಕಾಪಡೆಯ ಅನೇಕ ಕಾಗದಗಳನ್ನು ಯುದ್ಧದ ಕೊನೆಯಲ್ಲಿ ಸುಟ್ಟರು. ಉಳಿದವನ್ನು ಜಪಾನಿನ ಏಷ್ಯಾ ಐತಿಹಾಸಿಕ ದಾಖಲೆಗಳ ಕೇಂದ್ರ ಅಂತರ್ಜಾಲದಲ್ಲಿ ಇಟ್ಟಿದೆ. ದಿನಾಂಕವೂ ಸ್ಥಳವೂ ಎರಡೂ ಹೊಂದಿದರೆ ಮಾತ್ರ ಅದನ್ನು ಸಾಧ್ಯತೆಯೆಂದು ಬರೆದುಕೊಳ್ಳಿ. ಬಂಗಾಳದಲ್ಲಿ 1942ರಲ್ಲಿ ಸರ್ಕಾರವೇ ದೋಣಿಗಳನ್ನು ವಶಪಡಿಸಿಕೊಂಡು ನಾಶಮಾಡಿದ್ದನ್ನು ಓದಿ, ನಮ್ಮ ಕರಾವಳಿಯಲ್ಲೂ ಹಾಗೆಯೇ ಆಗಿತ್ತೆಂದು ಊಹಿಸಬಾರದು.

ಹವಾಮಾನವನ್ನು ತಪ್ಪದೆ ನೋಡಿ. ಅರಬ್ಬೀ ಸಮುದ್ರದ ಚಂಡಮಾರುತಗಳು ಮುಂಗಾರಿನ ಹಿಂದು ಮುಂದಿನ ತಿಂಗಳುಗಳಲ್ಲಿ ಏಳುತ್ತವೆ, ದೋಣಿಗಳು ಕಡಲಲ್ಲಿರುವುದೂ ಆಗಲೇ. ಭಾರತ ಹವಾಮಾನ ಇಲಾಖೆ 1891ರಿಂದ ಈಚಿನ ಚಂಡಮಾರುತಗಳ ದಾರಿಯನ್ನು ನಕ್ಷೆಗಳಲ್ಲಿ ಕೊಟ್ಟಿದೆ. 1940ರ ಅಕ್ಟೋಬರಿನಲ್ಲಿ ಮುಂಬಯಿಗೆ ಬಡಿದಂಥ ಗಾಳಿಗೆ ಸಿಕ್ಕಿ ಹೋದ ದೋಣಿಯೂ, ಯುದ್ಧದ ವರ್ಷವಾದ್ದರಿಂದ, ಮನೆಯ ಮಾತಿನಲ್ಲಿ “ಲಡಾಯಿಯಲ್ಲಿ ಹೋದ” ದೋಣಿಯಾಗುತ್ತದೆ.

ಪತ್ರಿಕೆಗಳಲ್ಲಿ ಹುಬ್ಬಳ್ಳಿಯ ಸಂಯುಕ್ತ ಕರ್ನಾಟಕ, ಮಂಗಳೂರಿನ ನವಭಾರತ, ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ನೋಡತಕ್ಕವು. ಆದರೆ ಭಾರತ ರಕ್ಷಣಾ ನಿಯಮಗಳಡಿ ನೌಕೆಗಳ ಸುದ್ದಿಗೆ ನಿರ್ಬಂಧವಿದ್ದುದರಿಂದ, ಸುದ್ದಿ ಇಲ್ಲದಿರುವುದು ಘಟನೆ ನಡೆಯಲಿಲ್ಲವೆನ್ನುವುದಕ್ಕೆ ಸಾಕ್ಷಿಯಾಗದು.

ಹಿರಿಯರು ಉಗಿಹಡಗಿನ ಖಲಾಸಿಯಾಗಿದ್ದರೆ ದಾರಿಯೇ ಬೇರೆ, ಮತ್ತು ಅದು ಸುಲಭದ ದಾರಿ. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಜಾಲತಾಣದಲ್ಲಿ ಹೆಸರು ಹುಡುಕಬಹುದು. ಎರಡನೆಯ ಯುದ್ಧದಲ್ಲಿ ಮಡಿದ ಅವಿಭಜಿತ ಭಾರತದ 6,000ಕ್ಕೂ ಹೆಚ್ಚು ನಾವಿಕರ ಹೆಸರುಗಳು ಮುಂಬಯಿ ಮತ್ತು ಚಿತ್ತಗಾಂಗಿನ ಸ್ಮಾರಕ ಪುಸ್ತಕಗಳಲ್ಲಿವೆ. ಮೀನುಗಾರರು ಈ ಪಟ್ಟಿಗೆ ಸೇರುವುದಿಲ್ಲ.

ದೆಹಲಿಯ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ತಾಣವನ್ನು ಸಾಗರದ ಮನೆಯಲ್ಲಿ ಕುಳಿತೇ ನೋಡಬಹುದು. ಹುಡುಕುವ ಪದಗಳನ್ನು ಅಂದಿನ ಇಂಗ್ಲಿಷ್ ಬರಹಕ್ಕೆ ತಕ್ಕಂತೆ ಬದಲಿಸುತ್ತಿರಬೇಕು: ಕಂಟ್ರಿ ಕ್ರಾಫ್ಟ್, ಸೇಲಿಂಗ್ ವೆಸೆಲ್, ಧೋ, ಪಟ್ಟಮಾರ್, ಮಚ್ವಾ, ಊರಿಗೆ ಹೊನಾವರ್, ಓನೋರ್, ಕೂಂಡಾಪುರ್ ಹೀಗೆ. 1941ರ ಯುದ್ಧ ಗಾಯಗಳ ಸುಗ್ರೀವಾಜ್ಞೆಯಡಿ ನಾಗರಿಕರಿಗೆ ಪರಿಹಾರ ಕೊಡುವ ಏರ್ಪಾಡಿದ್ದುದರಿಂದ ಆ ಹೆಸರಿನಲ್ಲೂ ಹುಡುಕಿ. ಜಿಲ್ಲಾ ಕಚೇರಿಗಳಲ್ಲಿ ಕಡತ ಇದೆಯೋ ಇಲ್ಲವೋ ಎಂದೇ ತಿಳಿಯದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ. 30 ದಿನಗಳಲ್ಲಿ ಉತ್ತರ ಬರಬೇಕು. ಅರ್ಜಿಯಲ್ಲಿ ಕಥೆ ಬರೆಯದೆ, ಊರು, ವರ್ಷ, ಪುಸ್ತಕದ ಹೆಸರು ಇಷ್ಟನ್ನೇ ಕೇಳಿ.

ಕಡತ ಕಟ್ಟುವುದು

ಸಿಕ್ಕಿದ್ದನ್ನೆಲ್ಲ ಒಂದೇ ಕಥೆಯಾಗಿ ಹೆಣೆಯುವ ಆಸೆ ಬರುತ್ತದೆ. ಹಾಗೆ ಮಾಡದೆ ಮೂರು ಬೇರೆ ಹಾಳೆಗಳನ್ನಿಡಿ: ಕಾಗದದಲ್ಲಿ ಕಂಡದ್ದು, ಹಿರಿಯರು ಹೇಳಿದ್ದು, ನಾವು ಊಹಿಸಿದ್ದು. ಪ್ರತಿ ಸಾಲಿನ ಮುಂದೆ ಅದು ಎಲ್ಲಿ ಸಿಕ್ಕಿತು, ಯಾರು ಹೇಳಿದರು, ಯಾವ ದಿನ ಎಂದು ಬರೆಯಿರಿ. ಹುಡುಕಿಯೂ ಸಿಗದ ಕಡತಗಳ ಪಟ್ಟಿಯೂ ಇರಲಿ. ಮುಂದೆ ನೋಡುವವರಿಗೆ ಅದು ಎಷ್ಟೋ ಓಡಾಟವನ್ನು ಉಳಿಸುತ್ತದೆ.

ನಮ್ಮ ಮೊದಲ ಹಾಳೆಯಲ್ಲಿ ಒಂದು ಸಾಲಪತ್ರ, ಒಂದು ಖಾತೆ ಬದಲಾವಣೆ ಇವೆ. ಎರಡನೆಯದರಲ್ಲಿ ಅಜ್ಜಿ ಹೇಳಿದ್ದು, ಹಿತ್ತಾಳೆಯ ಬೀಗ, ಈಸೂರಿನ ಗಲಾಟೆಯಾದ ಮೇಲಿನ ಮಳೆಗಾಲ ಕಳೆದು ದೋಣಿ ಹೊರಟಿತೆಂಬ ಮಾತು. ಮೂರನೆಯದರಲ್ಲಿ 1943ರ ಅಕ್ಟೋಬರ್ ಎಂಬ ಒಂದೇ ಸಾಲಿದೆ, ಮುಂದೆ ಪ್ರಶ್ನಾರ್ಥಕ ಚಿಹ್ನೆ. ಇದರ ಒಂದು ಪ್ರತಿಯನ್ನು ಹೊನ್ನಾವರದ ಕಡೆ ಉಳಿದಿರುವ ನೆಂಟರಿಗೆ ಕೊಟ್ಟುಬಂದೆ. ಅದೇ ದೋಣಿಯಲ್ಲಿ ಹೋದ ಉಳಿದವರ ಮನೆಗಳು ಯಾವುವೆಂದು ಅವರು ಈಗ ವಿಚಾರಿಸುತ್ತಿದ್ದಾರೆ.